ಆಹಾರಶುದ್ಧಿ ಮತ್ತು ಹಾಲಿನ ಪ್ರಶ್ನೆ

ಶ್ರಾವಕನ ಧರ್ಮವು ಬಸದಿಯಲ್ಲಿ ಎಷ್ಟು ಪ್ರಕಟವಾಗುತ್ತದೆಯೋ ಅಡಿಗೆಮನೆಯಲ್ಲಿಯೂ ಅಷ್ಟೇ ಪ್ರಕಟವಾಗುತ್ತದೆ. ನೀರನ್ನು ಸೋಸುವುದು, ಕಾಳನ್ನು ಆರಿಸುವುದು, ಸೂರ್ಯಾಸ್ತಕ್ಕೆ ಮೊದಲು ಉಣ್ಣುವುದು ಇವೆಲ್ಲ ಅಹಿಂಸಾಣುವ್ರತದ ನಿತ್ಯಾಭ್ಯಾಸಗಳು. ಹೊಸ ತಿನಿಸೊಂದು ಮನೆಯನ್ನು ಪ್ರವೇಶಿಸಿದಾಗ ಈ ಅಭ್ಯಾಸವು ಪರೀಕ್ಷೆಗೆ ಒಳಗಾಗುತ್ತದೆ.

ಯುರೋಪಿನ ವಾಫಲ್ ಅಂತಹ ಒಂದು ತಿನಿಸು. ಚೌಕಾಕಾರದ ಗುಳಿಗಳುಳ್ಳ ಎರಡು ಬಿಸಿ ಫಲಕಗಳ ನಡುವೆ ಹಿಟ್ಟನ್ನು ಒತ್ತಿ ಇದನ್ನು ಬೇಯಿಸುತ್ತಾರೆ. ಮೂಲದಲ್ಲಿ ಮೊಟ್ಟೆ, ಹಾಲು, ಬೆಣ್ಣೆಗಳು ಇದರ ಅಂಗಗಳು. ಜೈನರ ಮನೆಯಲ್ಲಿ ಮೊಟ್ಟೆಗೆ ಎಡೆಯಿಲ್ಲ. ಆದುದರಿಂದ ಅದರ ಸ್ಥಾನಕ್ಕೆ ಮೊಸರು ಬರುವುದು ಸಹಜ. ಆದರೆ ಒಂದೇ ಮನೆಯಲ್ಲಿ ನಿಯಮವಂತೆಯಾದ ಅಜ್ಜಿಯೂ, ಹಾಲನ್ನು ತ್ಯಜಿಸಿದ ಮೊಮ್ಮಗಳೂ ಇರುವರೆಂದು ಭಾವಿಸಿದರೆ ತೊಡಕು ಕಾಣಿಸಿಕೊಳ್ಳುತ್ತದೆ. ಈರುಳ್ಳಿ, ಆಲೂಗಡ್ಡೆ ಹಾಕಿ, ರಾತ್ರಿಯಿಡೀ ಹುದುಗಿಸಿದ ಹಿಟ್ಟಿನ ವಾಫಲ್‌ನಲ್ಲಿ ಹಾಲಿಲ್ಲದಿದ್ದರೂ ಅಜ್ಜಿ ಅದನ್ನು ಮುಟ್ಟುವುದಿಲ್ಲ. ಮೊಸರು, ತುಪ್ಪ ಹಾಕಿದುದನ್ನು ಮೊಮ್ಮಗಳು ಮುಟ್ಟುವುದಿಲ್ಲ. ಇಬ್ಬರೂ ಅಹಿಂಸೆಯ ಹೆಸರಿನಲ್ಲಿಯೇ ಕೈ ಹಿಂತೆಗೆಯುತ್ತಾರೆ. ಇವರಲ್ಲಿ ಯಾರ ಅಹಿಂಸೆ ನಿಜವಾದುದು?

ಅಜ್ಜಿಯ ನಿಯಮದ ಹಿಂದೆ ಸೂಕ್ಷ್ಮಜೀವಿಗಳ ಮೇಲಣ ಕರುಣೆಯಿದೆ. ಕಂದಮೂಲಗಳಲ್ಲಿ ಅನಂತ ಜೀವಗಳಿವೆಯೆಂದು ಶಾಸ್ತ್ರವು ಹೇಳುತ್ತದೆ. ಹಿಟ್ಟಿಗೆ ಮಳೆಗಾಲದಲ್ಲಿ 3, ಬೇಸಿಗೆಯಲ್ಲಿ 5, ಚಳಿಗಾಲದಲ್ಲಿ 7 ದಿನಗಳ ಮರ್ಯಾದೆಯಿದೆ. ದ್ವಿದಳ ಧಾನ್ಯವನ್ನು ಹಸಿ ಹಾಲಿನೊಡನೆಯೋ ಅದರಿಂದಾದ ಮೊಸರಿನೊಡನೆಯೋ ಬೆರೆಸುವುದು ನಿಷಿದ್ಧ. ಇದು ಕಣ್ಣಿಗೆ ಕಾಣದ ಜೀವದ ಚಿಂತೆ.

ಮೊಮ್ಮಗಳ ತ್ಯಾಗದ ಹಿಂದೆ ಕಣ್ಣಿಗೆ ಕಾಣುವ, ಆದರೆ ತಟ್ಟೆಯವರೆಗೆ ಬಾರದ ಜೀವದ ಚಿಂತೆಯಿದೆ. ‘ವೀಗನ್’ ಎಂಬ ಶಬ್ದವು 1944ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿತು. ಶಬ್ದವು ಪರದೇಶದ್ದಾದರೂ ಪ್ರಶ್ನೆಯು ಪರಕೀಯವಲ್ಲ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಅಹಿಂಸಾಣುವ್ರತದ ಅತಿಚಾರಗಳನ್ನು ಐದೆಂದು ಎಣಿಸುತ್ತದೆ: ಕಟ್ಟಿಹಾಕುವುದು, ಹೊಡೆಯುವುದು, ಅಂಗಚ್ಛೇದ, ಅತಿಭಾರ ಹೇರುವುದು, ಅನ್ನಪಾನಗಳನ್ನು ತಡೆಯುವುದು. ಕರುವಿನ ಪಾಲಿನ ಹಾಲನ್ನು ತಡೆದರೆ ಅದು ಐದನೆಯ ಅತಿಚಾರವಲ್ಲದೆ ಮತ್ತೇನು?

ಕರು ಕುಡಿದು ಮಿಕ್ಕುದನ್ನು ಮಾತ್ರ ಕರೆಯುತ್ತಿದ್ದೆವು ಎಂದು ಹಿರಿಯರು ಹೇಳುವುದುಂಟು. ಎತ್ತುಗಳು ಹೊಲವನ್ನು ಉಳುತ್ತಿದ್ದ ಕಾಲದಲ್ಲಿ ಗಂಡುಕರುವಿಗೂ ಮನೆಯಲ್ಲಿ ನೆಲೆಯಿತ್ತು. ಟ್ರ್ಯಾಕ್ಟರ್ ಬಂದ ಮೇಲೆ ಆ ನೆಲೆ ಕುಸಿಯಿತು. 2019ರ ಜಾನುವಾರು ಗಣತಿಯಂತೆ ಭಾರತದಲ್ಲಿದ್ದ ದನಗಳು ಸುಮಾರು 19 ಕೋಟಿ 25 ಲಕ್ಷ. ಅವುಗಳಲ್ಲಿ ಹೆಣ್ಣು ಸುಮಾರು 14 ಕೋಟಿ 50 ಲಕ್ಷ. ಪ್ರಕೃತಿಯು ಹೆಣ್ಣುಗಂಡುಗಳನ್ನು ಹೆಚ್ಚುಕಡಿಮೆ ಸಮವಾಗಿಯೇ ಹುಟ್ಟಿಸುತ್ತದೆ. ಹಾಗಾದರೆ ಉಳಿದ ಗಂಡುಕರುಗಳು ಏನಾದವು? ತಾನು ಕೊಲ್ಲಲಿಲ್ಲ ಎಂದು ಶ್ರಾವಕನು ಸಮಾಧಾನ ಪಟ್ಟುಕೊಳ್ಳಲಾರ. ಕೃತ, ಕಾರಿತ, ಅನುಮೋದಿತ ಎಂಬ ಮೂರು ಬಗೆಯ ಹೊಣೆಯನ್ನು ಶಾಸ್ತ್ರವು ಮೊದಲೇ ವಿಧಿಸಿದೆ.

ಹಾಗೆಂದು ಹಾಲನ್ನು ಬಿಟ್ಟ ಮಾತ್ರಕ್ಕೆ ಆಹಾರವು ಶುದ್ಧವಾಯಿತೆಂದು ತಿಳಿಯುವುದೂ ತಪ್ಪು. ನಡುರಾತ್ರಿಯಲ್ಲಿ ನಾಲಗೆಯ ಚಾಪಲ್ಯಕ್ಕಾಗಿ ತಿಂದ ವೀಗನ್ ತಿನಿಸಿನಲ್ಲಿ ಸಂಯಮವೆಲ್ಲಿದೆ? ಹಾಲು, ಮೊಸರು, ತುಪ್ಪ, ಎಣ್ಣೆ, ಸಿಹಿ, ಉಪ್ಪು ಎಂಬ ಆರು ರಸಗಳನ್ನು ಶಕ್ತ್ಯನುಸಾರ ಬಿಡುವುದನ್ನು ರಸಪರಿತ್ಯಾಗವೆಂಬ ಬಾಹ್ಯತಪವಾಗಿ ಪರಂಪರೆಯು ಬಹುಕಾಲದಿಂದ ಬಲ್ಲದು. ಆ ಬೆಳಕಿನಲ್ಲಿ ನೋಡಿದರೆ ಮೊಮ್ಮಗಳ ನಿರ್ಧಾರವು ದಂಗೆಯಲ್ಲ, ಹಳೆಯ ದಾರಿಯ ಮುಂದುವರಿಕೆ. ಅಜ್ಜಿಯ ನಿಯಮವೂ ಮೂಢಾಚಾರವಲ್ಲ, ಆ ದಾರಿಯನ್ನು ಇಲ್ಲಿಯವರೆಗೆ ಕಾಯ್ದ ಬೇಲಿ. ಒಂದೇ ವಸ್ತುವಿನ ಅನೇಕ ಮುಖಗಳನ್ನು ಕಾಣಲು ಕಲಿಸಿದ ಅನೇಕಾಂತವು ಊಟದ ಪಂಕ್ತಿಯಲ್ಲಿ ಮರೆತುಹೋಗಬಾರದು.

ಇಬ್ಬರೂ ಉಣ್ಣಬಹುದಾದ ವಾಫಲ್ ಅಸಾಧ್ಯವೇನೂ ಅಲ್ಲ. ಸೂರ್ಯೋದಯದ ನಂತರ ಒಂದು ಲೋಟ ಹೆಸರುಬೇಳೆಯನ್ನು ಸೋಸಿದ ನೀರಿನಲ್ಲಿ ಮೂರು ನಾಲ್ಕು ಗಂಟೆ ನೆನೆಯಿಟ್ಟು ರುಬ್ಬಬೇಕು. ಅರ್ಧ ಲೋಟ ಹೊಸದಾಗಿ ಬೀಸಿದ ಅಕ್ಕಿಹಿಟ್ಟು, ಎರಡು ಚಮಚ ಎಣ್ಣೆ, ಜೀರಿಗೆ, ಮೆಣಸು, ಕರಿಬೇವು, ತೆಂಗಿನ ತುರಿ, ಉಪ್ಪು ಸೇರಿಸಬೇಕು. ಹಸಿಶುಂಠಿ ಕಂದಮೂಲವಾದುದರಿಂದ ಅದರ ಬದಲು ಒಣಶುಂಠಿಯ ಪುಡಿ ಸಾಕು. ಮೊಟ್ಟೆ ಮಾಡುವ ಬಂಧನದ ಕೆಲಸವನ್ನು ಬೇಳೆಯೇ ಮಾಡುತ್ತದೆ. ಹುದುಗಿಸುವ ಬದಲು, ಬೇಯಿಸುವ ಹೊತ್ತಿಗೆ ಅರ್ಧ ಚಮಚ ಅಡಿಗೆ ಸೋಡಾ ಮತ್ತು ನಿಂಬೆರಸ ಬೆರೆಸಿದರೆ ಹಿಟ್ಟು ಉಬ್ಬುತ್ತದೆ. ಫಲಕಗಳ ನಡುವಿನಿಂದ ಹಬೆ ನಿಂತಾಗ ವಾಫಲ್ ಗರಿಗರಿಯಾಗಿ ಬೆಂದಿರುತ್ತದೆ. ಇದರಲ್ಲಿ ಮೊಸರೇ ಇಲ್ಲದಿರುವುದರಿಂದ ದ್ವಿದಳದ ದೋಷವೂ ತಾನಾಗಿ ತಪ್ಪುತ್ತದೆ. ಇಲ್ಲಿ ಅಜ್ಜಿಯ ನಿಯಮಕ್ಕೆ ಮೊಮ್ಮಗಳ ತ್ಯಾಗವೇ ನೆರವಾಯಿತು.

ಬಸದಿಗಳ ಆಡಳಿತ ಮಂಡಳಿಗಳೂ ಇದನ್ನು ಯೋಚಿಸಬಹುದು. ಸಾಮೂಹಿಕ ಭೋಜನದಲ್ಲಿ ಕಂದಮೂಲವೂ ಹಾಲೂ ಇಲ್ಲದ ಒಂದೆರಡು ಪದಾರ್ಥಗಳಿದ್ದರೆ ಯಾರೂ ಪಂಕ್ತಿಯಿಂದ ಹಸಿದು ಏಳಬೇಕಾಗಿಲ್ಲ. ಪಂಚಾಮೃತಾಭಿಷೇಕ ನಡೆಯುವ ಬಸದಿಗಳಲ್ಲಿಯೂ, ಜಲಾಭಿಷೇಕವಷ್ಟೇ ನಡೆಯುವ ಬಸದಿಗಳಲ್ಲಿಯೂ ಭಕ್ತಿ ಒಂದೇ. ಆದರೆ ಹಾಲನ್ನು ತರಿಸುವವರು ಅದರ ಹಸುವನ್ನೂ ಕರುವನ್ನೂ ಒಮ್ಮೆಯಾದರೂ ವಿಚಾರಿಸಬೇಕು. ವಿಚಾರಿಸದೆ ಉಳಿಯುವುದು ಪ್ರಮಾದ. ಪ್ರಮಾದವೇ ಹಿಂಸೆಯ ಮೂಲವೆಂದು ಆಚಾರ್ಯರು ಎಚ್ಚರಿಸಿದ್ದಾರೆ. ಉತ್ತರವು ಪ್ರತಿಯೊಬ್ಬ ಶ್ರಾವಕನ ಶಕ್ತಿಗೆ ತಕ್ಕಂತೆ ಬೇರೆಯಾಗಬಹುದು. ಪ್ರಶ್ನೆಯನ್ನು ಮಾತ್ರ ಯಾರೂ ಬಿಡಲಾಗದು.