ವಿನೋದ, ಕಾಯಕ ಮತ್ತು ಗಾಳದ ಕೋಲು

ಜೀವಹಿಂಸೆಯನ್ನು ಕುರಿತ ಧರ್ಮಚಿಂತನೆ ಸಾಮಾನ್ಯವಾಗಿ ಎರಡು ಅಂಶಗಳನ್ನು ತೂಗಿ ನೋಡುತ್ತದೆ: ಮಾಡಿದ ಕೆಲಸ ಎಂಥದು, ಅದರ ಹಿಂದಿದ್ದ ಸಂಕಲ್ಪ ಎಂಥದು. ಇವೆರಡರ ನಡುವೆ ನಿಲ್ಲುವ ಸಲಕರಣೆಯತ್ತ, ಅಂದರೆ ಕೈಯಲ್ಲಿ ಹಿಡಿದ ಕೋಲು, ದಾರ, ಕೊಕ್ಕೆಗಳತ್ತ, ಅದರ ಗಮನ ಹರಿಯುವುದು ಅಪರೂಪ. ಮೀನು ಹಿಡಿಯುವವನು ಯಾವ ಕೋಲನ್ನು ಕೊಳ್ಳುತ್ತಾನೆ ಎಂಬುದು ಅಂಗಡಿಯಲ್ಲಿ ಮುಗಿಯುವ ಮಾತೆಂದು ತೋರುವುದು ಸಹಜವೇ. ಆದರೆ ಕೊಕ್ಕೆ ಬಾಯಿಗೆ ನೆಟ್ಟ ಗಳಿಗೆಯಿಂದ ಕೈಗೆ ಸಿಗುವ ಗಳಿಗೆಯವರೆಗೆ ಮೀನು ಪಡುವ ಪಾಡು ಎಷ್ಟು ಹೊತ್ತಿನದು ಎಂಬುದನ್ನು ಬಹುಮಟ್ಟಿಗೆ ನಿರ್ಧರಿಸುವುದು ಆ ಆಯ್ಕೆಯೇ ಆದುದರಿಂದ, ದಯೆಯ ಪ್ರಶ್ನೆಯನ್ನು ಅಲ್ಲಿಂದಲೇ ಎತ್ತಬೇಕಾಗುತ್ತದೆ.

ಕಲಬುರಗಿಯ ಸುತ್ತಲಿನ ನೆಲದಲ್ಲಿ ಈ ಪ್ರಶ್ನೆ ಹೊಸದಲ್ಲ. ಕಲಬುರಗಿಯಿಂದ ಕಮಲಾಪುರ, ಹುಮನಾಬಾದ್ ಮಾರ್ಗವಾಗಿ ಸಾಗಿದರೆ ಸಿಗುವ ಬಸವಕಲ್ಯಾಣವು ಹನ್ನೆರಡನೆಯ ಶತಮಾನದಲ್ಲಿ ಚಾಲುಕ್ಯರ ರಾಜಧಾನಿಯಾಗಿತ್ತು. ಅಲ್ಲಿಂದ ಆಳಿದ ಮೂರನೆಯ ಸೋಮೇಶ್ವರನು 1130ರ ಆಸುಪಾಸಿನಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ, ಅರಸನ ವಿನೋದಗಳನ್ನು ವಿವರಿಸುವ ಭಾಗದೊಳಗೆ, ‘ಮತ್ಸ್ಯವಿನೋದ’ ಎಂಬ ಪ್ರಕರಣವೊಂದಿದೆ. ಕಡಲ ಮೀನು ಯಾವುದು, ಹೊಳೆಯ ಮೀನು ಯಾವುದು, ಯಾವ ಮೀನಿಗೆ ಯಾವ ಆಹಾರ ಹಿಡಿಸುತ್ತದೆ, ಗಾಳ ಹೇಗಿರಬೇಕು ಎಂಬುದನ್ನೆಲ್ಲ ಅದು ಕ್ರಮವಾಗಿ ಹೇಳುತ್ತದೆ. ಮತ್ಸ್ಯವಿಜ್ಞಾನಿ ಸುಂದರಲಾಲ್ ಹೋರಾ 1951ರಲ್ಲಿ ಈ ಪ್ರಕರಣವನ್ನು ಪರಿಶೀಲಿಸಿ ವಿದ್ವಾಂಸರ ಗಮನಕ್ಕೆ ತಂದರು. ಗಾಳ ಹಾಕುವ ಕಲೆಯ ಆದಿಗ್ರಂಥವೆಂಬಂತೆ ಇಂಗ್ಲಿಷ್ ಓದುಗರು ಮನ್ನಿಸುವ ಐಸಾಕ್ ವಾಲ್ಟನ್‌ನ ಪುಸ್ತಕ ಬಂದದ್ದು 1653ರಲ್ಲಿ, ಅಂದರೆ ಇದಾದ ಐದು ಶತಮಾನಗಳ ಮೇಲೆ. ಸೋಮೇಶ್ವರನ ಸೂಕ್ಷ್ಮದೃಷ್ಟಿಯನ್ನು ಯಾರೂ ಅಲ್ಲಗಳೆಯಲಾರರು. ಆದರೂ ಮೀನಿನ ಹಸಿವನ್ನು ಇಷ್ಟು ಚೆನ್ನಾಗಿ ಅರಿತ ಆ ಪ್ರಕರಣದ ಗುರಿ ಮಾತ್ರ, ಅದರ ಹೆಸರೇ ಸಾರುವಂತೆ, ಅರಸನ ಸಂತೋಷ.

ಅದೇ ಊರಿನಲ್ಲಿ, ಮೂರು ದಶಕಗಳೊಳಗೆ, ಬಿಜ್ಜಳನ ಆಳ್ವಿಕೆಯಲ್ಲಿ ಬಸವಣ್ಣನೂ ಅವನ ಸುತ್ತ ನೆರೆದ ಶರಣರೂ ಬೇರೊಂದು ಅಳತೆಗೋಲನ್ನು ಮುಂದಿಟ್ಟರು. ದಯೆಯೇ ಧರ್ಮದ ಬುಡವೆಂಬುದು ಒಂದು ಮಾತು. ಸತ್ಯಶುದ್ಧವಾದ ಯಾವ ದುಡಿಮೆಯೂ ಕೀಳಲ್ಲ, ದುಡಿಮೆಯೇ ಪೂಜೆ ಎಂಬ ಕಾಯಕತತ್ತ್ವ ಇನ್ನೊಂದು. ಈ ಎರಡೂ ಎದುರುಬದುರಾಗುವುದು ನೀರಿನ ಮೇಲೆ ಬದುಕುವವನ ಬಾಳಿನಲ್ಲಿ. ದೋಣಿ ನಡೆಸುವ ಕಾಯಕದ ಅಂಬಿಗರ ಚೌಡಯ್ಯ ಶರಣರ ಸಾಲಿನಲ್ಲಿ ತಲೆಯೆತ್ತಿ ನಿಂತವನು, ಬೇರೆಯವರಂತೆ ದೈವದ ಹೆಸರನ್ನಲ್ಲದೆ ತನ್ನ ಹೆಸರನ್ನೇ ವಚನದ ಅಂಕಿತವಾಗಿಸಿಕೊಂಡವನು. ಇಂದು ಭೀಮಾ ತೀರದಲ್ಲಿ ಬಲೆ ಬೀಸುವ ಕೋಲಿ, ಕಬ್ಬಲಿಗ ಮನೆತನಗಳು ಅವನನ್ನು ತಮ್ಮ ಹಿರಿಯನೆಂದು ಗೌರವಿಸುತ್ತವೆ. ಹೊಳೆಯವನ ಹೊಟ್ಟೆಪಾಡನ್ನು ಹೀನವೆಂದು ತಳ್ಳಿಹಾಕುವ ದಯೆ ಶರಣರ ದಯೆಯಲ್ಲ. ಹಾಗೆಂದು ಕಾಯಕವೆಂಬ ಹೆಸರು ಎಲ್ಲವನ್ನೂ ಮನ್ನಿಸಿಬಿಡುವುದೂ ಇಲ್ಲ: ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವ ಮಾರಯ್ಯನು ಒಂದು ದಿನ ಅಗತ್ಯಕ್ಕಿಂತ ಹೆಚ್ಚು ತಂದಾಗ ಅವನ ಸತಿ ಲಕ್ಕಮ್ಮ ಹೆಚ್ಚಿನದನ್ನು ಹಿಂದಿರುಗಿಸಿ ಬರಲು ಕಳುಹಿದಳೆಂಬ ಕಥೆ, ಬೇಕಾದಷ್ಟೇ ಎಂಬ ಎಲ್ಲೆಯನ್ನು ಕಾಯಕದ ಒಳಗೇ ಇರಿಸುತ್ತದೆ.

ಈ ಸೀಮೆಯ ಉಳಿದ ಧರ್ಮಪರಂಪರೆಗಳೂ ಇದೇ ಗೆರೆಯನ್ನು ಬೇರೆ ಬೇರೆ ಕಡೆಯಿಂದ ಎಳೆದಿವೆ. ಮಳಖೇಡದಲ್ಲಿ ರಾಷ್ಟ್ರಕೂಟರ ಆಶ್ರಯ ಪಡೆದ ಜೈನಧರ್ಮವು ಗೃಹಸ್ಥನ ಹಿಂಸೆಯನ್ನು ನಾಲ್ಕಾಗಿ ವಿಂಗಡಿಸುತ್ತದೆ: ಬೇಕೆಂದೇ ಮಾಡುವ ಸಂಕಲ್ಪಿ, ಮನೆಗೆಲಸದಲ್ಲಿ ತಾನಾಗಿ ಒದಗುವ ಆರಂಭಿ, ವೃತ್ತಿಯಲ್ಲಿ ಅನಿವಾರ್ಯವಾದ ಉದ್ಯೋಗಿ, ಆತ್ಮರಕ್ಷಣೆಗಾಗಿ ನಡೆಯುವ ವಿರೋಧಿ. ಮೀನು ಹಿಡಿಯುವುದನ್ನು ವೃತ್ತಿಯ ನೆಪದಲ್ಲಿಯೂ ಜೈನ ಆಚಾರ್ಯರು ಒಪ್ಪುವುದಿಲ್ಲ. ಮೋಜಿಗಾಗಿ ಹಿಡಿಯುವುದಂತೂ ನೇರವಾಗಿ ಮೊದಲನೆಯ ವರ್ಗಕ್ಕೆ ಸೇರುತ್ತದೆ. ಬಂದೇನವಾಜರ ದರ್ಗಾ ಇರುವ ಕಲಬುರಗಿ ನಗರದಲ್ಲಿ ಬಾಳುವ ಇಸ್ಲಾಂ, ಮೀನನ್ನು ಜಬಹ್ ಎಂಬ ಕೊಯ್ಯುವ ವಿಧಿಯಿಲ್ಲದೆಯೇ ಆಹಾರವಾಗಿ ಒಪ್ಪುತ್ತದೆ, ಆದರೆ ಜೀವವಿರುವುದನ್ನು ಆಟದ ಗುರಿಯಾಗಿಸುವುದನ್ನು ಪ್ರವಾದಿಯ ವಚನಗಳು ನಿಷೇಧಿಸುತ್ತವೆ. ಭೀಮಾ ದಡದ ಸನ್ನತಿಯಲ್ಲಿ ಶಾಸನ ಬಿಟ್ಟುಹೋದ ಅಶೋಕನು, ಉತ್ತರದ ತನ್ನ ಐದನೆಯ ಸ್ತಂಭಶಾಸನದಲ್ಲಿ, ಗೊತ್ತಾದ ಹುಣ್ಣಿಮೆ ಮತ್ತು ಉಪವಾಸದ ದಿನಗಳಂದು ಮೀನನ್ನು ಕೊಲ್ಲಕೂಡದು, ಮಾರಕೂಡದು ಎಂದು ವಿಧಿಸಿದ್ದಾನೆ.

ಸಲಕರಣೆಯ ವಿಚಾರ ಇಲ್ಲಿಂದ ಮುಂದಿನದು, ಮತ್ತು ಅದನ್ನು ಹತ್ತಿರದಿಂದ ನೋಡದೆ ತೀರ್ಪು ಹೇಳಲಾಗದು. ಉದಾಹರಣೆಗೆ, ಅಮೆರಿಕದ ಅಟ್ಲಾಂಟಿಕ್ ಕರಾವಳಿಯಲ್ಲಿ ಕಯಾಕ್‌ನಲ್ಲಿ, ಅಂದರೆ ಒಬ್ಬರು ಕುಳಿತು ಹುಟ್ಟು ಹಾಕುವ ಕಿರಿದಾದ ದೋಣಿಯಲ್ಲಿ, ಸ್ಟ್ರೈಪ್ಡ್ ಬಾಸ್ ಎಂಬ ಪಟ್ಟೆಪಟ್ಟೆಯ ದೊಡ್ಡ ಮೀನನ್ನು ಹಿಡಿಯುವ ಹವ್ಯಾಸ ವ್ಯಾಪಕವಾಗಿದೆ. ಅಲ್ಲಿ ಕೋಲು ಸುಮಾರು 7 ಅಡಿಯದಾಗಿರುವುದು ವಾಡಿಕೆ: ಅದಕ್ಕಿಂತ ಬಹಳ ಗಿಡ್ಡವಾದರೆ ಮೀನು ದೋಣಿಯ ಮೂತಿಯನ್ನು ಸುತ್ತಿ ಇನ್ನೊಂದು ಬದಿಗೆ ಓಡಿದಾಗ ಕೋಲಿನ ತುದಿಯನ್ನು ಆಚೆ ದಾಟಿಸಲಾಗದು, ಬಹಳ ಉದ್ದವಾದರೆ ಕುಳಿತವನು ಮೀನನ್ನು ಕೈಯಳತೆಗೆ ಎಳೆದುಕೊಳ್ಳಲಾರ. ದಾರ ಸುತ್ತಿಡುವ ರೀಲಿನೊಳಗೆ ಡ್ರ್ಯಾಗ್ ಎಂಬ ಏರ್ಪಾಡಿರುತ್ತದೆ. ಒಂದಕ್ಕೊಂದು ಉಜ್ಜುವ ಬಿಲ್ಲೆಗಳ ಬಿಗಿಯಿಂದ ಅದು ದಾರ ಬಿಚ್ಚಿಕೊಳ್ಳುವುದನ್ನು ತಡೆಯುತ್ತದೆ, ದಾರ ತುಂಡಾಗುವ ಮುನ್ನ ಸಡಿಲಿ ಬಿಡುತ್ತದೆ. ದಾರ ತಡೆಯಬಲ್ಲ ಭಾರದ ನಾಲ್ಕನೇ ಒಂದರಿಂದ ಮೂರನೇ ಒಂದು ಪಾಲಿಗೆ ಈ ಬಿಗಿಯನ್ನು ಹೊಂದಿಸುವುದು ರೂಢಿ. ಚಿಕ್ಕ ದೋಣಿಯಲ್ಲಿ ಇನ್ನೂ ಒಂದು ಸಂಗತಿ ಸೇರಿಕೊಳ್ಳುತ್ತದೆ: ಮೀನು ದೋಣಿಯನ್ನೇ ಎಳೆದುಕೊಂಡು ಹೋಗುವುದರಿಂದ, ನೆಲದ ಮೇಲೆ ನಿಂತವನಂತೆ ಕಾಲೂರಿ ಎಳೆಯಲು ಬರುವುದಿಲ್ಲ. ಭೀಮೆಯ ಮೇಲಿನ ಹರಿಗೋಲಿಗಂತೂ ಮೂತಿಯೇ ಇಲ್ಲ. ದುಂಡಗಿರುವ ಅದು ಎಳೆತಕ್ಕೆ ಸಿಕ್ಕರೆ ಗರಗರನೆ ತಿರುಗುತ್ತದೆ.

ಹಗುರವಾದ ಕೋಲು, ಎಳೆಯಾದ ದಾರ ಬಳಸಿ ಮೀನಿಗೂ ಒಂದು ಅವಕಾಶ ಕೊಡುವುದೇ ನ್ಯಾಯವೆಂಬ ವಾದ ಹವ್ಯಾಸಿಗಳಲ್ಲಿ ಬಹುಕಾಲದಿಂದ ಇದೆ. ಮೇಲ್ನೋಟಕ್ಕೆ ಉದಾರವಾಗಿ ಕಾಣುವ ಈ ವಾದ ಪರೀಕ್ಷೆಗೆ ನಿಲ್ಲುವುದಿಲ್ಲ. ದುರ್ಬಲ ಸಲಕರಣೆಯಿಂದ ಹೆಚ್ಚುವುದು ಸೆಣಸಾಟದ ಹೊತ್ತು. ಆ ಹೊತ್ತಿನುದ್ದಕ್ಕೂ ಮೀನಿನ ಸ್ನಾಯುಗಳಲ್ಲಿ ಲ್ಯಾಕ್ಟಿಕ್ ಆಮ್ಲ ಸೇರುತ್ತ ಹೋಗಿ ಅದು ಸೋತು ಸುಣ್ಣವಾಗುತ್ತದೆ. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗಿರುವ ಆಮ್ಲಜನಕ ಕಡಿಮೆ. ಬೇಸಿಗೆಯ ತಾಪ 40 ಡಿಗ್ರಿ ದಾಟುವ ಕಲಬುರಗಿ ಜಿಲ್ಲೆಯಲ್ಲಿ, ಕಮಲಾಪುರ ಭಾಗದ ಗಂಡೋರಿ ನಾಲಾದಂಥ ಜಲಾಶಯದ ನೀರು ಇಳಿದಿರುವಾಗ, ದಣಿದ ಕಾಟ್ಲಾ ಅಥವಾ ರೋಹು ಚೇತರಿಸಿಕೊಳ್ಳುವುದು ಇನ್ನೂ ಕಷ್ಟ. ದಾರ ಹರಿದು ಪಾರಾದ ಮೀನೂ ಬಾಯಲ್ಲಿ ಕೊಕ್ಕೆಯನ್ನು, ಬೆನ್ನ ಹಿಂದೆ ಮಾರುದ್ದದ ದಾರವನ್ನು ಹೊತ್ತೇ ಹೋಗುತ್ತದೆ. ಹಿಡಿಯುವುದೇ ಆದರೆ, ಮೀನನ್ನು ಬೇಗ ಬಳಿಗೆ ತರಬಲ್ಲ ಗಟ್ಟಿಯಾದ ಕೋಲು, ತಕ್ಕ ದಾರ, ಸರಿಯಾಗಿ ಬಿಗಿದ ಡ್ರ್ಯಾಗ್, ಇವೇ ದಯೆಗೆ ಹತ್ತಿರವಾದವು; ಬಲವಾದ ಸಲಕರಣೆಯೇ ಕ್ರೂರವೆಂಬ ಸಾಮಾನ್ಯ ಅನಿಸಿಕೆ ಇಲ್ಲಿ ತಲೆಕೆಳಗಾಗುತ್ತದೆ.

ಹಿಡಿದು ಬಿಟ್ಟುಬಿಟ್ಟರೆ ದೋಷವಿಲ್ಲವೆಂಬ ಸಮಾಧಾನವೂ ಅಷ್ಟು ಸುಲಭದ್ದಲ್ಲ. ಅಟ್ಲಾಂಟಿಕ್ ರಾಜ್ಯಗಳ ಸಾಗರ ಮೀನುಗಾರಿಕಾ ಆಯೋಗವು, ಹೀಗೆ ಬಿಟ್ಟ ಸ್ಟ್ರೈಪ್ಡ್ ಬಾಸ್‌ಗಳಲ್ಲಿ ಶೇಕಡ 9ರಷ್ಟು ಅನಂತರ ಸಾಯುತ್ತವೆಂದು ಲೆಕ್ಕ ಹಿಡಿಯುತ್ತದೆ. ಸಹಜ ಎರೆಯನ್ನು ಬಳಸುವ ಹವ್ಯಾಸಿಗಳು, ಮೊನೆ ಒಳಕ್ಕೆ ಬಾಗಿದ್ದು ಕರುಳಿಗಿಳಿಯದೆ ಬಾಯಿಯ ಮೂಲೆಗೆ ಸಿಕ್ಕಿಕೊಳ್ಳುವ ದುಂಡು ಕೊಕ್ಕೆಯನ್ನೇ ಉಪಯೋಗಿಸಬೇಕೆಂದು 2021ರಿಂದ ನಿಯಮ ಮಾಡಿದೆ. ಒಂದು ಕೊಕ್ಕೆಯ ಬಾಗು ಎಷ್ಟೋ ಜೀವಗಳನ್ನು ಉಳಿಸಬಲ್ಲುದಾದರೆ, ಅದನ್ನು ಆರಿಸುವ ಕೈಗೆ ಹೊಣೆಯಿಲ್ಲವೆನ್ನಲು ಯಾವ ಧರ್ಮಶಾಸ್ತ್ರಕ್ಕೂ ಸಾಧ್ಯವಿಲ್ಲ.

ಆದರೂ ಈ ವಾದಕ್ಕೆ ಜೈನರು ಒಡ್ಡುವ ಆಕ್ಷೇಪ ಉಳಿದೇ ಇರುತ್ತದೆ, ಮತ್ತು ಅದು ಪ್ರಬಲವಾದುದು: ನೋವಿನ ಹೊತ್ತನ್ನು ಕಿರಿದಾಗಿಸಿದ ಮಾತ್ರಕ್ಕೆ ನೋವನ್ನು ಉಂಟುಮಾಡುವ ಸಂಕಲ್ಪ ಶುದ್ಧವಾಗದು. ಮನೆಯ ಒಲೆಗಾಗಿ, ಸಂತೆಯ ನಾಲ್ಕು ಕಾಸಿಗಾಗಿ ಬಲೆ ಬೀಸುವವನು ಇದಕ್ಕೆ ತನ್ನ ಅಗತ್ಯವನ್ನು ಮುಂದಿಟ್ಟು ಉತ್ತರಿಸಬಲ್ಲ, ಆ ಅಗತ್ಯವನ್ನು ಲಕ್ಕಮ್ಮನ ಅಳತೆಯಿಂದ ಅಳೆದುಕೊಳ್ಳಲೂ ಬಲ್ಲ. ಮೀನಿನ ಹಂಗಿಲ್ಲದೆ ಊಟ ನಡೆಯುವವನಿಗೆ, ಸೋಮೇಶ್ವರನಂತೆ ವಿನೋದಕ್ಕಾಗಿಯೇ ನೀರಿಗಿಳಿಯುವವನಿಗೆ, ಆ ಉತ್ತರ ದಕ್ಕುವುದಿಲ್ಲ. ಅವನ ಕೈಯಲ್ಲಿರುವ ಕೋಲು ಎಷ್ಟೇ ವಿವೇಕದಿಂದ ಆರಿಸಿದ್ದಾದರೂ ಕೃತ್ಯದ ಕಠೋರತೆಯನ್ನು ತಗ್ಗಿಸೀತೇ ಹೊರತು, ಗಾಳ ಹಾಕಿದ್ದಾದರೂ ಏಕೆ ಎಂಬ ಪ್ರಶ್ನೆಗೆ ಅವನ ಪರವಾಗಿ ಉತ್ತರ ಕೊಡಲಾರದು.