ಹಬ್ಬದ ಮೊದಲ ಮಾತು ಮಗುವಿನದಾಗಲಿ

ಕಾರಹುಣ್ಣಿಮೆ ಕಳೆದು ಹದಿನೈದು ದಿನಕ್ಕೆ ಮಣ್ಣೆತ್ತಿನ ಅಮಾವಾಸ್ಯೆ. ರಾಣೆಬೆನ್ನೂರು, ಬ್ಯಾಡಗಿ ಸೀಮೆಯ ಕುಪ್ಪೇಲೂರಿನಂಥ ಊರುಗಳಲ್ಲಿ ಅಂದು ಮಕ್ಕಳ ಕೈಯೆಲ್ಲ ಎರೆಮಣ್ಣು. ಹೊಲದಿಂದ ಮಣ್ಣು ತಂದು, ಹರಳು ಆರಿಸಿ, ನೀರು ಹಾಕಿ ನಾದಿ, ಒಂದು ಜೋಡಿ ಎತ್ತು ಮಾಡಬೇಕು. ಕಣ್ಣಿಗೆ ಜೋಳದ ಕಾಳು, ಮುಂದೊಂದು ಮಣ್ಣಿನ ಗ್ವಾದಲಿ. ಕೋಡು ನಿಲ್ಲಿಸುವುದೇ ಕಷ್ಟ. ಮಣ್ಣು ತುಸು ಹಸಿಯಾದರೂ ಬಾಗಿಬಿಡುತ್ತದೆ. ಜಗುಲಿಯ ಮೇಲೆ ಎತ್ತುಗಳನ್ನು ಇಟ್ಟು ಹೋಳಿಗೆ ಎಡೆ ಹಿಡಿಯುವ ಹೊತ್ತಿಗೆ ಯಾವುದಾದರೂ ಮಗು ಕೇಳಿಯೇ ಕೇಳುತ್ತದೆ: “ಅಜ್ಜೀ, ನಮ್ಮನ್ಯಾಗ ಎತ್ತೇ ಇಲ್ಲಲ್ಲ, ಟ್ರ್ಯಾಕ್ಟರ್ ಐತಿ. ಮತ್ತ ಎತ್ತಿನ ಪೂಜಿ ಯಾಕ?”

“ಸುಮ್ಕ ಕೈ ಮುಗಿ. ಹಂಗೆಲ್ಲ ಕೇಳಬಾರ್ದು, ದೇವರು ಸಿಟ್ಟಾಗ್ತಾನ.”

ಪ್ರಶ್ನೆ ಸೊಗಸಾಗಿದೆ. ತಪ್ಪಿರುವುದು ಉತ್ತರದಲ್ಲಿ.

ಯಹೂದಿಗಳ ಪಸ್ಕ ಹಬ್ಬದ ರಾತ್ರಿಯೂಟಕ್ಕೆ ಒಂದು ಕಟ್ಟಳೆಯಿದೆ. ಮನೆಯ ಅತಿ ಕಿರಿಯ ಮಗು ಎಲ್ಲರ ಮುಂದೆ ಪ್ರಶ್ನೆ ಕೇಳಬೇಕು: ಈ ರಾತ್ರಿಗೆ ಮಾತ್ರ ಯಾಕೆ ಈ ವಿಶೇಷ? ಹುಳಿ ಹಾಕದ ರೊಟ್ಟಿ ಯಾಕೆ, ಕಹಿ ಸೊಪ್ಪು ಯಾಕೆ? ದೊಡ್ಡವರು ಉತ್ತರ ಹೇಳುತ್ತಾರೆ. ಗುಲಾಮರಾಗಿದ್ದ ನಮ್ಮ ಹಿರಿಯರಿಗೆ ಈಜಿಪ್ಟಿನಿಂದ ಹೊರಡುವ ಅವಸರದಲ್ಲಿ ಹಿಟ್ಟು ಹುದುಗಿಸಲು ಪುರಸೊತ್ತಿರಲಿಲ್ಲ. ಸೊಪ್ಪಿನ ಕಹಿ ಗುಲಾಮಗಿರಿಯ ಕಹಿ. ಈಜಿಪ್ಟಿನವರಿಗೆ ಬಂದೆರಗಿದ ಹತ್ತು ಪೀಡೆಗಳ ಹೆಸರು ಹೇಳುವಾಗ ಒಂದೊಂದಕ್ಕೂ ಬಟ್ಟಲಿನಿಂದ ಒಂದೊಂದು ಹನಿ ದ್ರಾಕ್ಷಾರಸ ತೆಗೆದು ಹಾಕುತ್ತಾರೆ. ಶತ್ರುವೇ ಆದರೂ ಅವನ ಸಂಕಟದ ಮುಂದೆ ನಮ್ಮ ಸಂತೋಷ ಸ್ವಲ್ಪ ಕಡಿಮೆಯಾಗಬೇಕು ಎಂಬುದು ಅದಕ್ಕೆ ಹೇಳುವ ಅರ್ಥ.

1963ರಲ್ಲಿ ಅಮೆರಿಕದ ಮಿಷಿಗನ್ ರಾಜ್ಯದಲ್ಲಿ ಶೆರ್ವಿನ್ ವೈನ್ ಎಂಬ ಯಹೂದಿ ಗುರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ನಾವು ನಂಬದ ಮಾತನ್ನು ಪ್ರಾರ್ಥನೆಯಲ್ಲಿ ಯಾಕೆ ಹೇಳಬೇಕು ಎಂದು ಕೇಳಿ, ದೇವರ ಸ್ತುತಿಯಿಲ್ಲದೆ ಹಬ್ಬ ಆಚರಿಸುವ ಸಭೆ ಕಟ್ಟಿದರು. ಮಾನವತಾವಾದಿ ಯಹೂದಿಗಳು ಎನಿಸಿಕೊಂಡ ಇಂಥವರ ಮನೆಗಳಲ್ಲಿ ದೀಪ, ರೊಟ್ಟಿ, ಹಾಡು, ಕಥೆ ಎಲ್ಲವೂ ಇವೆ. ಆದರೆ ಕಥೆಯನ್ನು ಕಥೆಯೆಂದೇ, ಇತಿಹಾಸವನ್ನು ಇತಿಹಾಸವೆಂದೇ ಮಕ್ಕಳಿಗೆ ಹೇಳುತ್ತಾರೆ. ಅರವತ್ತು ವರ್ಷ ದಾಟಿದರೂ ಅವರ ಹಬ್ಬ ನಿಂತಿಲ್ಲ.

ಆಚರಣೆಯನ್ನು ಹೀಗೆ ಪ್ರಶ್ನಿಸಿ ತಿದ್ದಿಕೊಳ್ಳುವುದು ನಮಗೂ ಹೊಸದಲ್ಲ. ಕಲ್ಲನಾಗರಕ್ಕೆ ಹಾಲೆರೆದು ಜೀವಂತ ಹಾವನ್ನು ಹೊಡೆಯುವ ನಮ್ಮ ರೀತಿಯನ್ನು ಬಸವಣ್ಣ ಹನ್ನೆರಡನೇ ಶತಮಾನದಲ್ಲೇ ಕೆಣಕಿದ್ದರು. ಕುವೆಂಪು ಪುರೋಹಿತರಿಲ್ಲದ, ಅದ್ಧೂರಿಯಿಲ್ಲದ ಮಂತ್ರಮಾಂಗಲ್ಯವನ್ನು ರೂಪಿಸಿ, 1966ರಲ್ಲಿ ಮಗ ತೇಜಸ್ವಿಯ ಮದುವೆಯನ್ನೇ ಹಾಗೆ ಮಾಡಿಸಿದರು. ಈಗ ನಾಗರಪಂಚಮಿಯಲ್ಲಿ ಹಾಲನ್ನು ಹುತ್ತಕ್ಕೆ ಎರೆಯದೆ ಮಕ್ಕಳಿಗೆ ಕುಡಿಸುವ ಸಂಘಟನೆಗಳು ನಾಡಿನ ಹಲವೆಡೆ ಇವೆ.

ಹಾಗಾದರೆ ಮನೆಯಲ್ಲಿ ಏನು ಹೇಳಬೇಕು? ಮಣ್ಣೆತ್ತಿನ ಪ್ರಶ್ನೆಗೆ ನಿಜವನ್ನೇ ಹೇಳಬಹುದು. “ನಿಮ್ಮ ಮುತ್ತಜ್ಜ ರಂಟಿ ಹೊಡೀತಿದ್ದ. ಎತ್ತು ಹೆಗಲು ಕೊಟ್ಟಿದ್ದಕ್ಕ ಈ ಹೊಲ ಉಳೀತು. ಅದನ್ನ ನೆನಸಾಕ ಈ ಹಬ್ಬ.” ಪಂಚಮಿಗೆ ಹೀಗೆ ಹೇಳಬಹುದು: ಹಾವು ಹಾಲು ಕುಡಿದು ಬದುಕುವ ಪ್ರಾಣಿಯಲ್ಲ, ಕಾಳು ತಿನ್ನುವ ಇಲಿಯನ್ನು ಹಿಡಿದು ರೈತನಿಗೆ ಉಪಕಾರ ಮಾಡುತ್ತದೆ, ಅದನ್ನು ಹೊಡೆಯಬೇಡ. ಇಷ್ಟು ಹೇಳಿದರೆ ಜೋಕಾಲಿ ಕಟ್ಟಿದ ಹಗ್ಗವೇನೂ ಹರಿಯುವುದಿಲ್ಲ, ತಂಬಿಟ್ಟಿನ ರುಚಿಯೂ ಕೆಡುವುದಿಲ್ಲ.

ಹೇಳಿಕೊಡದೆಯೇ ಮಕ್ಕಳು ಕಲಿಯುವ ಪಾಠವೂ ಹಬ್ಬದಲ್ಲಿದೆ. ಭಾದ್ರಪದದಲ್ಲಿ ಬುಟ್ಟಿಯಲ್ಲಿ ಜೋಕುಮಾರನನ್ನು ಹೊತ್ತು ಹಾಡುತ್ತ ಬರುವ ಹೆಣ್ಣುಮಕ್ಕಳಿಗೆ ಜೋಳ ಹಾಕುವುದು ಎಲ್ಲಿ ನಿಂತು? ಹಬ್ಬದ ಹೋಳಿಗೆ ಯಾರ ಮನೆಗೆ ಹೋಗುತ್ತದೆ, ಯಾರ ಮನೆಗೆ ಹೋಗುವುದಿಲ್ಲ? ಯಾರು ಪಡಸಾಲೆಗೆ ಬರುತ್ತಾರೆ, ಯಾರು ಅಂಗಳದಲ್ಲೇ ನಿಲ್ಲುತ್ತಾರೆ? ಮಗು ಎಲ್ಲವನ್ನೂ ನೋಡುತ್ತಿರುತ್ತದೆ. ದೇವರಿದ್ದಾನೋ ಇಲ್ಲವೋ ಎಂಬ ವಾದಕ್ಕಿಂತ ಈ ಹೊಸ್ತಿಲಿನ ಲೆಕ್ಕ ಅದರ ಮನಸ್ಸಿನಲ್ಲಿ ಆಳವಾಗಿ ಕೂರುತ್ತದೆ. ಹಬ್ಬವನ್ನು ಮಾನವೀಯಗೊಳಿಸುವ ಕೆಲಸ ಇಲ್ಲಿಂದಲೇ ಶುರುವಾಗಬೇಕು. ಮೊಹರಮ್ಮಿನಲ್ಲಿ ಜಾತಿ, ಮತ ನೋಡದೆ ಅಲಾಯಿ ಕುಣಿಯುವ ನಮ್ಮ ಉತ್ತರ ಕರ್ನಾಟಕದ ಹಳ್ಳಿಗಳಿಗೆ ಇದು ಆಗದ ಮಾತೇನೂ ಅಲ್ಲ.

ವಿಚಾರವಂತರೆನಿಸಿಕೊಂಡ ಕೆಲವು ಮನೆಗಳಲ್ಲಿ ಇನ್ನೊಂದು ಅತಿಯಿದೆ. ಎಲ್ಲವೂ ಮೂಢನಂಬಿಕೆ ಎಂದು ಹಬ್ಬಕ್ಕೇ ರಾಜೀನಾಮೆ ಕೊಟ್ಟಿರುತ್ತಾರೆ. ಅಲ್ಲಿ ಬೆಳೆದ ಮಗುವಿಗೆ ಎರೆಮಣ್ಣು ನಾದಿ ಗೊತ್ತಿರುವುದಿಲ್ಲ. ಶೀಗಿ ಹುಣ್ಣಿಮೆಗೆ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ಚರಗ ಚೆಲ್ಲಿ, ಬಂಧು ಬಳಗದವರ ಜತೆ ಸಜ್ಜಿರೊಟ್ಟಿ, ಎಣಗಾಯಿ ಉಂಡದ್ದೂ ಇರುವುದಿಲ್ಲ. ಹೆದರಿಕೆಯನ್ನು ಹೊರಹಾಕುವ ಭರದಲ್ಲಿ ಹಿರಿಯರ ದುಡಿಮೆಯ ನೆನಪನ್ನೂ ಹೊರಹಾಕಿದರೆ ಮಗುವಿಗೆ ಉಳಿಯುವುದು ರಜೆ ಮತ್ತು ಮೊಬೈಲು ಮಾತ್ರ.

ಬಿಡಬೇಕಾದವು ಎರಡೇ: ಹೆದರಿಕೆ ಮತ್ತು ಹೊಸ್ತಿಲ ಭೇದ. ಕೈಕೆಲಸ, ಊಟ, ಹಾಡು, ಕಥೆ ಎಲ್ಲವೂ ಇರಲಿ. ಮುಂದಿನ ಹಬ್ಬದಲ್ಲಿ ಎಡೆ ಹಿಡಿಯುವ ಮೊದಲು ಮನೆಯ ಸಣ್ಣ ಮಗುವಿಗೆ “ಏನರ ಕೇಳೋದೈತೇನು?” ಎನ್ನಿ. ಗೊತ್ತಿದ್ದರೆ ನಿಜ ಹೇಳಿ. ಗೊತ್ತಿಲ್ಲದಿದ್ದರೆ “ಗೊತ್ತಿಲ್ಲವ್ವ, ಕೂಡಿ ಹುಡುಕೋಣು” ಎನ್ನಿ. ದೇವರು ಸಿಟ್ಟಾಗುತ್ತಾನೆ ಎಂದು ಮಾತ್ರ ಅದರ ಬಾಯಿ ಮುಚ್ಚಿಸಬೇಡಿ.