ಡಿಕ್ಕಿಗೆ ಮುನ್ನ ಯಾರನ್ನು ಕೇಳಬೇಕು?

‘ನನ್ನ ಹಡಗನ್ನೇ ಅವರ ಹಡಗಿಗೆ ಗುದ್ದಿಸುತ್ತೇನೆ.’ ಅಂತರಿಕ್ಷದ ಕತೆಗಳನ್ನು ಮೇಜಿನ ಮೇಲೆ ಆಡುವವರಿಗೆ ಈ ಮಾತು ಹೊಸದಲ್ಲ. ಈ ಆಟಗಳಲ್ಲಿ ಒಬ್ಬೊಬ್ಬರೂ ಒಂದೊಂದು ಪಾತ್ರವಾಗುತ್ತಾರೆ. ಏನು ಮಾಡುತ್ತೇವೆಂದು ಬಾಯಲ್ಲಿ ಹೇಳುತ್ತಾರೆ, ಫಲವನ್ನು ದಾಳ ಹೇಳುತ್ತದೆ, ತಕರಾರು ಬಂದರೆ ರೆಫರಿ ತೀರ್ಮಾನಿಸುತ್ತಾನೆ. ಸೋಲು ಖಚಿತವಾದಾಗ ಯಾರಾದರೊಬ್ಬರಿಗೆ ಗುದ್ದುವ ಯೋಚನೆ ಬಂದೇ ಬರುತ್ತದೆ. ಆಗ ನಿಯಮ ಏನು ಹೇಳಬೇಕು? ಇದನ್ನು ಬರೀ ಆಟದ ಲೆಕ್ಕ ಎಂದು ಬಿಟ್ಟುಬಿಡಲು ನನಗೆ ಆಗುತ್ತಿಲ್ಲ. ಇದರೊಳಗೆ ಒಂದು ನೀತಿಯ ಪ್ರಶ್ನೆ ಅಡಗಿದೆ.

ಮೊದಲು ಲೆಕ್ಕವನ್ನೇ ನೋಡೋಣ. ಮಾರ್ಕ್ ಮಿಲ್ಲರ್ ರೂಪಿಸಿ 1977ರಲ್ಲಿ ಹೊರಬಂದ ‘ಟ್ರಾವೆಲರ್’ ಆಟದಲ್ಲಿ ಸಾಮಾನ್ಯ ಸರಕು ಹಡಗು ಕೂಡ ಭೂಮಿಯ ಗುರುತ್ವದಷ್ಟು ವೇಗೋತ್ಕರ್ಷವನ್ನು ದಿನಗಟ್ಟಲೆ ಕಾಯ್ದುಕೊಳ್ಳಬಲ್ಲದು. ಹಾಗೆ 1000 ಸೆಕೆಂಡು ಓಡಿದರೆ ವೇಗ ಸೆಕೆಂಡಿಗೆ ಸುಮಾರು 10 ಕಿಲೋಮೀಟರ್. ಸಾವಿರ ಟನ್ ತೂಕದ ಹಡಗೊಂದು ಆ ವೇಗದಲ್ಲಿ ಹೊತ್ತಿರುವ ಶಕ್ತಿ 12,000 ಟನ್ ಟಿಎನ್‌ಟಿಗೆ ಸಮ, ಅಂದರೆ ಹಿರೋಷಿಮಾದ ಬಾಂಬಿಗೆ ಹತ್ತಿರ. ಒಂದು ಇಡೀ ದಿನ ಓಡಿದರೆ ಆ ಶಕ್ತಿ ಏಳು ಸಾವಿರ ಪಟ್ಟು ಬೆಳೆಯುತ್ತದೆ. ಅಕ್ಕಿ ಮೂಟೆ ಸಾಗಿಸುವ ಹಡಗಿಗೂ ಊರು ಸುಡುವ ಬಾಂಬಿಗೂ ಇರುವ ವ್ಯತ್ಯಾಸ ಚಾಲಕನ ಮನಸ್ಸು ಮಾತ್ರ.

ಕತೆ ಕಟ್ಟುವವರಿಗೆ ಇದು ದೊಡ್ಡ ಪೀಕಲಾಟ. 2017ರ ‘ದಿ ಲಾಸ್ಟ್ ಜೆಡೈ’ ಚಿತ್ರದಲ್ಲಿ ಹೋಲ್ಡೋ ಎಂಬ ಅಧಿಕಾರಿ ತನ್ನ ಹಡಗನ್ನು ಬೆಳಕನ್ನೂ ಮೀರುವ ಜಿಗಿತದಲ್ಲಿ ಶತ್ರುವಿನ ಮಹಾನೌಕೆಗೆ ನುಗ್ಗಿಸುತ್ತಾಳೆ. ಹಾಗಾದರೆ ಇಷ್ಟು ಕಾಲ ಎಲ್ಲರೂ ಇದನ್ನೇ ಏಕೆ ಮಾಡಲಿಲ್ಲ ಎಂದು ನೋಡುಗರು ಕೇಳಿದರು. 2019ರ ಮುಂದಿನ ಚಿತ್ರದಲ್ಲಿ ಒಂದು ಪಾತ್ರ, ಅದು ಹತ್ತು ಲಕ್ಷದಲ್ಲಿ ಒಮ್ಮೆ ಫಲಿಸುವಂಥದ್ದು ಎಂದು ಹೇಳಿ ಮಾತು ಮುಗಿಸುತ್ತದೆ. ಆಟದ ಮೇಜಿನಲ್ಲಿ ರೆಫರಿ ಮಾಡುವುದೂ ಇದನ್ನೇ. ಬೇಡವಾದ ದಾರಿಗೆ ದಾಳದ ಬೇಲಿ ಹಾಕುತ್ತಾನೆ. ಆದರೆ ‘ಇದು ಕಷ್ಟ’ ಎನ್ನುವುದು ‘ಇದು ಸರಿಯೇ?’ ಎಂಬುದಕ್ಕೆ ಉತ್ತರವಲ್ಲ.

1978ರ ‘ಮೇಡೇ’ ಎಂಬ ಆಟ ನನ್ನನ್ನು ಈ ಎರಡನೆಯ ಪ್ರಶ್ನೆಗೆ ಕರೆತಂದಿತು. ಅದರಲ್ಲಿ ಪ್ರತಿ ಹಡಗಿಗೂ ಮೂರು ಬಿಲ್ಲೆಗಳು. ಹಿಂದೆ ಎಲ್ಲಿತ್ತು, ಈಗ ಎಲ್ಲಿದೆ, ಮುಂದೆ ಎಲ್ಲಿರುತ್ತದೆ ಎಂದು ಅವು ತೋರಿಸುತ್ತವೆ. ಎಂಜಿನ್ ಉರಿಸದಿದ್ದರೆ ಹಡಗು ಹೋದ ದಾರಿಯಲ್ಲೇ ಹೋಗುತ್ತದೆ. ಉರಿಸಿದರೆ ಭವಿಷ್ಯದ ಬಿಲ್ಲೆ ಜರುಗುತ್ತದೆ. ಹೀಗಾಗಿ ಆಗಬಹುದಾದದ್ದು ಆಗುವ ಮೊದಲೇ ಮೇಜಿನ ಮೇಲೆ ಎಲ್ಲರ ಕಣ್ಣೆದುರು ಬಿದ್ದಿರುತ್ತದೆ. ‘ನನಗೆ ಗೊತ್ತಿರಲಿಲ್ಲ’ ಎನ್ನಲು ಅಲ್ಲಿ ಜಾಗವಿಲ್ಲ. ಅಷ್ಟು ವಿಶಾಲವಾದ ಶೂನ್ಯದಲ್ಲಿ ಎರಡು ಹಡಗು ಡಿಕ್ಕಿಯಾದವೆಂದರೆ ಒಬ್ಬರು ಬಯಸಿದ್ದಾರೆ, ಇಲ್ಲವೇ ಯಾರೋ ನೋಡದೆ ಬಿಟ್ಟಿದ್ದಾರೆ.

ನೋಡದೆ ಬಿಡುವುದು ಕಲ್ಪನೆಯಲ್ಲ. 2009ರ ಫೆಬ್ರವರಿ 10ರಂದು ಅಮೆರಿಕದ ಇರಿಡಿಯಂ 33 ಮತ್ತು ರಷ್ಯಾದ ಕಾಸ್ಮಾಸ್ 2251 ಉಪಗ್ರಹಗಳು ಸೈಬೀರಿಯಾದ ಮೇಲೆ ಸುಮಾರು 790 ಕಿಲೋಮೀಟರ್ ಎತ್ತರದಲ್ಲಿ ಡಿಕ್ಕಿಯಾದವು. ಕಾಸ್ಮಾಸ್ ಸತ್ತು ವರ್ಷಗಳೇ ಆಗಿದ್ದವು. ಅದು ಪಕ್ಕಕ್ಕೆ ಸರಿಯುವಂತಿರಲಿಲ್ಲ. ಇರಿಡಿಯಂ ಬದುಕಿತ್ತು, ಆದರೆ ಸರಿಯಲಿಲ್ಲ. ತಪ್ಪು ಯಾರದು? 1972ರ ಅಂತರರಾಷ್ಟ್ರೀಯ ಹೊಣೆಗಾರಿಕೆ ಒಪ್ಪಂದದ ಪ್ರಕಾರ ಉಪಗ್ರಹ ನೆಲಕ್ಕೆ ಬಿದ್ದು ಹಾನಿಯಾದರೆ ಉಡಾಯಿಸಿದ ದೇಶ ತಪ್ಪಿರಲಿ ಬಿಡಲಿ ಹೊಣೆ ಹೊರಬೇಕು. ಅಂತರಿಕ್ಷದಲ್ಲಾದರೆ ತಪ್ಪು ಸಾಬೀತಾಗಬೇಕು. ಇವತ್ತು ಬೆಂಗಳೂರಿನ ಪೀಣ್ಯದಲ್ಲಿ ಇಸ್ರೋದವರು ಕೂತು ನಮ್ಮ ಉಪಗ್ರಹಗಳ ‘ಭವಿಷ್ಯದ ಬಿಲ್ಲೆ’ಗಳನ್ನೇ ನೋಡುತ್ತಿರುತ್ತಾರೆ.

ಸಮುದ್ರದ ಜನ ಇದಕ್ಕೊಂದು ಹಳೆಯ ವಿವೇಕ ಕಂಡುಕೊಂಡಿದ್ದಾರೆ. 1977ರಲ್ಲಿ ಜಾರಿಗೆ ಬಂದ ಡಿಕ್ಕಿ ತಡೆ ನಿಯಮಗಳಲ್ಲಿ ಒಂದು ಹಡಗು ದಾರಿ ಬಿಡಬೇಕು, ಇನ್ನೊಂದು ತನ್ನ ದಾರಿಯಲ್ಲೇ ಸಾಗಬೇಕು. ಆದರೆ ದಾರಿ ಬಿಡಬೇಕಾದವನೊಬ್ಬನಿಂದಲೇ ಡಿಕ್ಕಿ ತಪ್ಪುವಂತಿಲ್ಲದಿದ್ದರೆ, ಹಕ್ಕಿರುವವನೂ ತಪ್ಪಿಸಲು ತನ್ನ ಕೈಲಾದದ್ದನ್ನು ಮಾಡಲೇಬೇಕು. ದಾರಿ ನನ್ನದು ಎಂಬ ಹಕ್ಕು ಎದುರಿನವನನ್ನು ಸಾಯಲು ಬಿಡುವ ಹಕ್ಕಲ್ಲ.

ಈಗ ಬೇಕೆಂದೇ ಗುದ್ದುವವನ ಮಾತು. ಇಂಥ ಸಾಹಸವನ್ನು ತ್ಯಾಗವೆಂದು ಹೊಗಳುವುದು ನಮ್ಮ ರೂಢಿ. ಆದರೆ ಯಾರ ತ್ಯಾಗ? ಹೋಲ್ಡೋ ಉಳಿದವರನ್ನೆಲ್ಲ ಕಳಿಸಿ ಒಬ್ಬಳೇ ಉಳಿದವಳು. ಅವಳು ಪಣಕ್ಕಿಟ್ಟದ್ದು ತನ್ನನ್ನು. ಮೇಜಿನ ಮೇಲಿನ ಕ್ಯಾಪ್ಟನ್‌ನ ಹಡಗಿನಲ್ಲಿ ಇನ್ನೂರು ಜನರಿರುತ್ತಾರೆ. ಅಡುಗೆಯವರು, ಮೆಕ್ಯಾನಿಕ್‌ಗಳು, ಮೊನ್ನೆ ಸೇರಿದ ಹುಡುಗ. ನಿಯಮ ಪುಸ್ತಕದಲ್ಲಿ ಇವರೆಲ್ಲ ಹಡಗಿನ ಹಾನಿಯ ಅಂಕಿಯೊಳಗೆ ಕರಗಿಹೋಗುತ್ತಾರೆ. ದಾಳ ಹಿಡಿದು ಕೂತಾಗ ನನಗೆ ಹಸ್ತಿನಾವತಿಯ ಸಭೆ ನೆನಪಾಗದೆ ಇರದು. ಧರ್ಮರಾಯ ತಮ್ಮಂದಿರನ್ನು ಒಡ್ಡಿದ, ತನ್ನನ್ನು ಒಡ್ಡಿದ, ಕೊನೆಗೆ ದ್ರೌಪದಿಯನ್ನು ಒಡ್ಡಿದ. ಅವಳು ಕೇಳಿದ್ದು ದಾಳ ಹೇಗೆ ಬಿತ್ತು ಎಂದಲ್ಲ, ನನ್ನನ್ನು ಒಡ್ಡುವ ಅಧಿಕಾರ ಅವನಿಗೆ ಎಲ್ಲಿತ್ತು ಎಂದು. ಡಿಕ್ಕಿಯ ನಿಯಮಗಳೆಲ್ಲ ದಾಳದ ಬಗ್ಗೆ ಮಾತಾಡುತ್ತವೆ, ಅವಳ ಪ್ರಶ್ನೆಯನ್ನು ಬಿಟ್ಟು.

‘ಇದು ಆಟವಯ್ಯಾ, ಸಾಯುವುದು ರಟ್ಟಿನ ಬಿಲ್ಲೆ’ ಎನ್ನುವ ಗೆಳೆಯರಿದ್ದಾರೆ. ಮಾತು ನಿಜ. ಆದರೆ ಆಟ ನಮಗೆ ಯಾವುದನ್ನು ಎಣಿಸಬೇಕು, ಯಾವುದನ್ನು ಎಣಿಸದೆ ಬಿಡಬಹುದು ಎಂಬುದನ್ನು ರೂಢಿ ಮಾಡಿಸುತ್ತದೆ. ನಿಜವಾದ ಯುದ್ಧದ ನಕ್ಷೆಗಳ ಮೇಲೂ ಇರುವುದು ಬಿಲ್ಲೆಗಳೇ.

ಅದಕ್ಕೇ ನಾನು ಆಟ ನಡೆಸುವಾಗ ಒಂದು ಸಣ್ಣ ನಿಯಮ ಇಟ್ಟುಕೊಂಡಿದ್ದೇನೆ. ಗುದ್ದುತ್ತೇನೆ ಎನ್ನುವವರು ಹಡಗಿನಲ್ಲಿ ಯಾರ‍್ಯಾರಿದ್ದಾರೆಂದು ಹೇಳಬೇಕು. ಅವರಲ್ಲಿ ಯಾರಿಗಾದರೂ ‘ಒಲ್ಲೆ’ ಎನ್ನುವ ಅವಕಾಶವಿರಬೇಕು. ಇದರಿಂದ ಆಟದ ಓಟ ಕುಂಟುತ್ತದೆ, ಒಪ್ಪುತ್ತೇನೆ. ಕಷ್ಟದ ಪ್ರಸಂಗವೂ ಉಂಟು: ಒಂದು ಹಡಗು ಲಕ್ಷ ಜನರ ಊರಿನತ್ತ ಧಾವಿಸುತ್ತಿದೆ, ತಡೆಯಲು ನಿಮ್ಮದೊಂದೇ ಹಡಗಿದೆ, ಕೇಳಲು ಸಮಯವಿಲ್ಲ. ಆಗ ಗುದ್ದುವುದೇ ಸರಿ ಎಂದು ನನಗೂ ಅನ್ನಿಸುತ್ತದೆ. ಆದರೂ ಕೇಳದೆ ಒಯ್ದ ಇನ್ನೂರು ಜನರ ಸಾಲ ಅಲ್ಲಿಗೆ ತೀರುವುದಿಲ್ಲ. ಉಳಿದ ಊರು ಅವರನ್ನು ಹೆಸರು ಹಿಡಿದು ನೆನೆಯಬೇಕು. ಬರೀ ಕ್ಯಾಪ್ಟನ್‌ಗೆ ಪ್ರತಿಮೆ ನಿಲ್ಲಿಸಿದರೆ ಸಾಲದು.